ಗುಲ್ಮದ ದಾರಿಯಲ್ಲೊಂದು ಗುಳ್ಳೆ

ತುಂಬು ಬಸುರಿ ಹೊಟ್ಟೆನೋವು ಅಂದರೆ ಮನೆಯಲ್ಲಿ ತಲೆಗೊಂದು ಕಾರಣ ಹೇಳುತ್ತಾರೆ. ವಾಯು, ಅಜೀರ್ಣ, ಕೂಸು ಒದ್ದದ್ದು. ಬಹಳ ಸಲ ಅದು ನಿಜವೂ ಹೌದು. ಇವತ್ತಿನ ಮಾತು ತೀರಾ ಅಪರೂಪದ ಒಂದು ಕಾರಣದ ಬಗ್ಗೆ.

ಎಡಗಡೆ ಪಕ್ಕೆಲುಬಿನ ಅಡಿಯಲ್ಲಿ ಗುಲ್ಮವಿದೆ. ಅದಕ್ಕೆ ರಕ್ತ ಒಯ್ಯುವ ಅಪಧಮನಿ ಹಾವಿನಂತೆ ಅಂಕುಡೊಂಕು. ಅದರ ಗೋಡೆ ಒಂದೆಡೆ ಸಡಿಲಗೊಂಡು ಗುಳ್ಳೆಯಂತೆ ಉಬ್ಬಿದರೆ ಅದೇ ಅನ್ಯೂರಿಸಂ. 1770ರಲ್ಲಿ ಬೋಸಿಯೆ ಎಂಬ ವೈದ್ಯರು ಇದನ್ನು ಮೊದಲು ವರ್ಣಿಸಿದ್ದು ಶವವನ್ನು ಕೊಯ್ದು ನೋಡಿ. ಬಸುರಿಯಲ್ಲಿ ಅದು ಒಡೆದದ್ದನ್ನು ಕಾರ್ಸನ್ ವರದಿ ಮಾಡಿದ್ದು 1869ರಲ್ಲಿ. ಶಸ್ತ್ರಕ್ರಿಯೆಗೆ ಮೊದಲೇ ಹೋಗ್ಲರ್ ಗುರುತು ಹಿಡಿದದ್ದು 1920ರಲ್ಲಿ. ಬಸುರಿನಲ್ಲಿ ಗುಳ್ಳೆ ಒಡೆದೂ ತಾಯಿ ಉಳಿದಳೆಂಬ ಮೊದಲ ವರದಿ 1940ರದು. ಬೋಸಿಯೆಯಿಂದ ಅಲ್ಲಿಗೆ 170 ವರ್ಷ!

ಬಸುರಿನಲ್ಲೇ ಯಾಕೆ? ಮೈಯ ರಕ್ತ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಹಾರ್ಮೋನುಗಳು ನಾಳದ ಗೋಡೆಯನ್ನು ಮೆತ್ತಗಾಗಿಸುತ್ತವೆ. ಹಲವು ಹೆರಿಗೆ ಕಂಡವರಲ್ಲಿ ಈ ಗುಳ್ಳೆ ಹೆಚ್ಚು. ಬಸುರಿನಲ್ಲಿ ಒಡೆಯುವುದು ಬಹುಪಾಲು ಕೊನೆಯ ಮೂರು ತಿಂಗಳಲ್ಲಿ.

ಇದರ ಮೋಸ ಬೇರೆಯೇ ಇದೆ. ಒಡೆದ ಗುಳ್ಳೆಯ ರಕ್ತ ಕೆಲವೊಮ್ಮೆ ಮೊದಲು ಜಠರದ ಹಿಂದಿನ ಪುಟ್ಟ ಚೀಲದಲ್ಲಿ ನಿಂತು ಹೆಪ್ಪುಗಟ್ಟುತ್ತದೆ. ನೋವು ತಗ್ಗುತ್ತದೆ, ಬಿ.ಪಿ. ಸರಿಹೋಗುತ್ತದೆ, ಎಲ್ಲರೂ ಉಸ್ಸಪ್ಪಾ ಅನ್ನುತ್ತಾರೆ. ಗಂಟೆಗಳೋ ದಿನಗಳೋ ಕಳೆದ ಮೇಲೆ, ಅಂಗರಚನಾಶಾಸ್ತ್ರಜ್ಞ ವಿನ್ಸ್ಲೋ ಹೆಸರಿನ ಸಂದಿಯಿಂದ ರಕ್ತ ಹೊಟ್ಟೆಯೊಳಕ್ಕೆ ನುಗ್ಗುತ್ತದೆ. ಸುಮಾರು ಕಾಲುಭಾಗ ಪ್ರಕರಣಗಳಲ್ಲಿ ಹೀಗೆ ಎರಡು ಸಲ ಒಡೆಯುವುದುಂಟು. ಆ ನಡುವಿನ ನೆಮ್ಮದಿಯೇ ವೈದ್ಯರಿಗೆ ಸಿಗುವ ಬಿಡುವು, ಆದರೆ ಅದು ಬಿಡುವೆಂದು ತಿಳಿಯಬೇಕಲ್ಲ! ಮಾಸು ಕಿತ್ತಿದೆ, ಗರ್ಭಕೋಶ ಒಡೆದಿದೆ ಅಂದುಕೊಂಡು ಹೊಟ್ಟೆ ತೆರೆದ ಮೇಲಷ್ಟೇ ನಿಜ ಹೊರಬಿದ್ದ ಉದಾಹರಣೆಗಳು ಬಹಳ. ಎಡಭುಜ ನೋಯುತ್ತದೆ ಅನ್ನುವುದೊಂದು ಸುಳಿವು: ಚೆಲ್ಲಿದ ರಕ್ತ ಎದೆ-ಹೊಟ್ಟೆಗಳ ನಡುವಿನ ವಪೆಯನ್ನು ಕೆಣಕಿದರೆ ನೋವು ಭುಜದಲ್ಲಿ ಕಾಣಿಸುತ್ತದೆ. ಹಳೆಯ ವರದಿಗಳನ್ನು ಕೂಡಿಸಿದರೆ ನಾಲ್ವರು ತಾಯಂದಿರಲ್ಲಿ ಮೂವರು ತೀರಿಕೊಂಡಿದ್ದಾರೆ. ಕೂಸುಗಳ ಲೆಕ್ಕ ಇನ್ನೂ ಕ್ರೂರ.

ಈಗ ಬೇರೇನೋ ಕಾಯಿಲೆಗೆಂದು ಮಾಡಿದ ಸ್ಕ್ಯಾನಿನಲ್ಲಿ ಗುಳ್ಳೆ ಅಚಾನಕ್ಕಾಗಿ ಕಣ್ಣಿಗೆ ಬೀಳುತ್ತದೆ. ಬೇರೆಯವರಲ್ಲಿ ಎರಡು-ಮೂರು ಸೆಂಟಿಮೀಟರು ದಾಟುವವರೆಗೆ ಸಾಮಾನ್ಯವಾಗಿ ಕಾದು ನೋಡುತ್ತಾರೆ. ಮುಂದೆ ಬಸುರಾಗಬಹುದಾದ ಹೆಣ್ಣಿನಲ್ಲಿ ಮಾತ್ರ, ಎಷ್ಟೇ ಚಿಕ್ಕದಿರಲಿ, ಕಾಯುವುದು ಬೇಡ ಎನ್ನುತ್ತಾರೆ. ತೊಡೆಸಂದಿನ ನಾಳದಿಂದ ಸಪುರ ಕೊಳವೆ ತೂರಿಸಿ, ಲೋಹದ ಸುರುಳಿಗಳಿಂದ ಗುಳ್ಳೆಯನ್ನು ಮುಚ್ಚಿಬಿಡುತ್ತಾರೆ.