ಕುಂಭಕರ್ಣರಿಗೊಂದು ಅಲಾರಂ



ಕುಂಭಕರ್ಣನನ್ನು ಎಬ್ಬಿಸಿದ್ದು ಯಾವುದು? ಭೇರಿ ಶಂಖಗಳೆಂದು ನಾವು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ವಾಲ್ಮೀಕಿಯ ಯುದ್ಧಕಾಂಡವನ್ನು ನೋಡಿದರೆ, ಆ ಗದ್ದಲಕ್ಕೆಲ್ಲ ಅವನು ಜಗ್ಗಲಿಲ್ಲ. ಸಾವಿರ ಆನೆಗಳನ್ನು ಮೈಮೇಲೆ ಓಡಿಸಿದಾಗ ಏನೋ ಸೋಕಿದಂತಾಗಿ ಎಚ್ಚೆತ್ತನು. ಗಾಢನಿದ್ರೆಯವರಿಗಾಗಿ ಮೊಬೈಲಿನ ಅಲಾರಂ ಆ್ಯಪೊಂದನ್ನು ಆರಿಸುವಾಗ ಆದಿಕವಿಯ ಈ ಸೂಕ್ಷ್ಮವನ್ನು ಮರೆಯಬಾರದು. ಎಲ್ಲಕ್ಕಿಂತ ಜೋರಾಗಿ ಅರಚುವುದೇ ಉತ್ತಮವೆಂಬುದು ಅಂಗಡಿಯ ಮಾತು.

ಬೇಕಾದ ಹೊತ್ತಿಗೆ ಹೊಂದಿಸಿಕೊಳ್ಳಬಹುದಾದ ಯಾಂತ್ರಿಕ ಅಲಾರಂಗೆ ಫ್ರಾನ್ಸಿನ ಆಂತ್ವಾನ್ ರೆದಿಯೆ 1847ರಲ್ಲಿ ಪೇಟೆಂಟು ಪಡೆದನು. 'ಸ್ನೂಜ್' ಗುಂಡಿ ಬಂದದ್ದು 1956ರ ಸುಮಾರಿಗೆ, ಅಮೆರಿಕದಲ್ಲಿ. ಎಬ್ಬಿಸುವ ಯಂತ್ರದೊಳಗೇ ಮಲಗಿಸುವ ಗುಂಡಿಯನ್ನಿಟ್ಟ ಜಾಣತನಕ್ಕೆ ಏನೆನ್ನೋಣ!

ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿರುವ ತರುಣನೊಬ್ಬ ಕಾರ್ಖಾನೆಯಲ್ಲಿ ಬೆಳಗಿನ ಆರರ ಪಾಳಿಗೆ ಹೋಗಬೇಕಾದವನು. ಕೆಲಸ ಇನ್ನೂ ಕಾಯಂ ಆಗಿಲ್ಲ. ತಡವಾದದ್ದಕ್ಕೆ ಎರಡು ಬಾರಿ ಎಚ್ಚರಿಕೆಯ ಪತ್ರ ಬಂದಿತ್ತು. ಊರಿನಲ್ಲಿ ತಂದೆತಾಯಿ ಅವನ ಸಂಬಳವನ್ನೇ ನಂಬಿದ್ದರು. "ಅಲಾರಂ ಹೊಡೆಯುತ್ತದೆ ಸಾರ್, ಯಾವಾಗ ನಿಲ್ಲಿಸಿದೆನೋ ನೆನಪೇ ಇರುವುದಿಲ್ಲ" ಎಂದನು. ಸುಳ್ಳಲ್ಲ. ಗಾಢನಿದ್ರೆಯಿಂದ ಹಠಾತ್ತನೆ ಎಬ್ಬಿಸಿದಾಗ ಸ್ವಲ್ಪ ಹೊತ್ತು ಬುದ್ಧಿಗೆ ಮಂಪರು ಕವಿದಿರುತ್ತದೆ. ಕೈ ಎದ್ದಿರುತ್ತದೆ, ವಿವೇಕ ಎದ್ದಿರುವುದಿಲ್ಲ. ಆದುದರಿಂದ ರಾತ್ರಿಯ ವಿವೇಕಿಯು ಬೆಳಗಿನ ಅವಿವೇಕಿಯನ್ನು ಮುಂಚಿತವಾಗಿಯೇ ಕಟ್ಟಿಹಾಕಬೇಕು. ಆ್ಯಪನ್ನು ಅಳೆಯುವ ಅಳತೆಗೋಲು ಇದೇ.

ಅಲಾರ್ಮಿ ಎಂಬ ದಕ್ಷಿಣ ಕೊರಿಯಾದ ಆ್ಯಪಿನಲ್ಲಿ, ಲೆಕ್ಕ ಬಿಡಿಸಿದರೆ, ಫೋನನ್ನು ಅಲುಗಿಸಿದರೆ, ಇಲ್ಲವೆ ಗೊತ್ತುಮಾಡಿದ ಬಾರ್‌ಕೋಡನ್ನು ತೋರಿಸಿದರೆ ಮಾತ್ರ ಸದ್ದು ನಿಲ್ಲುವಂತೆ ಮಾಡಬಹುದು. ಲೆಕ್ಕದಿಂದ ಪ್ರಯೋಜನವಾಗಲಿಲ್ಲ, ಮಲಗಿಕೊಂಡೇ ಬಿಡಿಸಿ ಮಗ್ಗುಲಾದನು. ಬಚ್ಚಲಿನ ಟೂತ್‌ಪೇಸ್ಟಿನ ಬಾರ್‌ಕೋಡನ್ನು ಗೊತ್ತುಮಾಡಿದೆವು; ನಾಲ್ಕನೆಯ ದಿನ ಆ ಟ್ಯೂಬು ದಿಂಬಿನ ಕೆಳಗೆ ಸಿಕ್ಕಿತು! ರಾತ್ರಿಯ ವಿವೇಕಿಯೂ ಲಂಚ ತಿಂದಿದ್ದನು. ಕೊನೆಗೆ ಕೆಳಗಿನ ನಮ್ಮ ಪಡಸಾಲೆಯ ಕಪಾಟಿನಲ್ಲಿರುವ ನನ್ನದೇ ವಿಮರ್ಶಾಗ್ರಂಥವೊಂದರ ಬೆನ್ನುಪುಟವನ್ನು ಗೊತ್ತುಮಾಡಿ, ಬೀಗದ ಕೈಯನ್ನು ನಾನೇ ಇಟ್ಟುಕೊಂಡೆ. ಎಷ್ಟೋ ಓದುಗರನ್ನು ಮಲಗಿಸಿದ ಆ ಗ್ರಂಥ ಈಗ ಒಬ್ಬನನ್ನು ಹದಿನೆಂಟು ಮೆಟ್ಟಿಲು ಇಳಿಸಿ ಎಬ್ಬಿಸುತ್ತಿದೆ. ನಾಲ್ಕೂಮುಕ್ಕಾಲಿಗೆ ಮನೆಯವರೆಲ್ಲ ಏಳುವುದೂ ಅನಿವಾರ್ಯವಾಗಿದೆ. ಮುದುಕರಿಗೆ ಅದೇನೂ ಕಷ್ಟವಲ್ಲ. ಮೂರನೆಯ ಪತ್ರ ಈವರೆಗೆ ಬಂದಿಲ್ಲ.

ಇನ್ನು ಸ್ವರದ ವಿಷಯ. ಬೆಂಕಿಯ ಎಚ್ಚರಿಕೆಗಂಟೆಗಳ ಪರೀಕ್ಷೆಗಳಲ್ಲಿ, ಸುಮಾರು 3100 ಹರ್ಟ್ಸಿನ ಕೀರಲು ದನಿಗಿಂತ 520 ಹರ್ಟ್ಸಿನ ತಗ್ಗಿದ, ತುಂಬು ದನಿಯೇ ನಿದ್ರಿತರನ್ನು ಹೆಚ್ಚು ಖಚಿತವಾಗಿ ಎಬ್ಬಿಸಿದ್ದು ಕಂಡುಬಂದಿದೆ. ಆರಿಸುವವರು ಇದನ್ನು ಗಮನಿಸಬಹುದು.

ಆ್ಯಪು ಎಷ್ಟೇ ಜಾಣನಾಗಿರಲಿ, ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ಅದನ್ನೇ ಮಲಗಿಸಿಬಿಡುವುದುಂಟು. ಆದುದರಿಂದ ಸೆಟ್ಟಿಂಗಿನಲ್ಲಿ ಅದಕ್ಕೆ ವಿನಾಯಿತಿ ಕೊಟ್ಟು, ರಜೆಯ ದಿನವೊಂದು ಹಗಲಿನಲ್ಲಿ ಪರೀಕ್ಷಿಸಿ ನೋಡಬೇಕು. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಅಲಾರಂನ ಸದ್ದಿಗೂ ಕರೆಯ ಸದ್ದಿಗೂ ಪ್ರತ್ಯೇಕ ಹಿಡಿತಗಳಿರುವುದು ಅನೇಕರಿಗೆ ತಿಳಿಯದು.

ಸಾಕಷ್ಟು ಹೊತ್ತು ಮಲಗಿಯೂ ಏಳಲಾಗದೆ, ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟುವವರು ಆ್ಯಪನ್ನು ಹುಡುಕುವ ಮೊದಲು ವೈದ್ಯರನ್ನು ಕಾಣಲಿ. ನಮ್ಮ ತರುಣನನ್ನೂ ಕಳಿಸಿದ್ದೆ. ಅವನಿಗೆ ಅಂಥದ್ದೇನೂ ಇರಲಿಲ್ಲ. ರಾತ್ರಿ ಹನ್ನೆರಡರವರೆಗೆ ಅದೇ ಫೋನಿನಲ್ಲಿ ಸಿನಿಮಾ ನೋಡುತ್ತಿದ್ದನಷ್ಟೆ.