ಕಾಯಕದ ಅಳತೆ

(ವೈದ್ಯರು, ವಕೀಲರು, ಇಂಜಿನಿಯರರು ಹಾಗೂ ಉಪನ್ಯಾಸಕರು ಸಕುಟುಂಬರಾಗಿ ಸೇರಿದ್ದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಈಗ ಮಾತನಾಡಿದ ವಕೀಲರು ಒಂದು ಮಾತು ಹೇಳಿದರು. "ನಮಗೆ ಪೂಜೆಗೆ ವೇಳೆ ಸಿಗುವುದಿಲ್ಲ, ಮನೆಗೆ ವೇಳೆ ಸಿಗುವುದಿಲ್ಲ, ಆದರೆ ಕಾಯಕವೇ ನಮಗೆ ಎಲ್ಲವೂ ಆಗಿದೆ" ಎಂದರು. ಸಭೆಯಲ್ಲಿ ಚಪ್ಪಾಳೆಯಾಯಿತು. ನಾವು ಚಪ್ಪಾಳೆ ತಟ್ಟಲಿಲ್ಲ, ಅದನ್ನು ಕೆಲವರು ಗಮನಿಸಿರಬಹುದು. ವಕೀಲರ ಮೇಲೆ ನಮಗೆ ಅಸಮಾಧಾನವಿಲ್ಲ. ಅವರು ಆಡಿದ್ದು ನಾವೇ ಎಷ್ಟೋ ವೇದಿಕೆಗಳಲ್ಲಿ ಆಡಿದ ಮಾತು. ಆ ಮಾತಿನಿಂದ ಒಬ್ಬ ತಾಯಿಗೆ ನಮ್ಮಿಂದ ಅನ್ಯಾಯವಾಯಿತು. ಇಂದು ಅದನ್ನು ಹೇಳಬೇಕೆಂದಿದ್ದೇವೆ. ಆ ದಂಪತಿಗಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಹೆಸರು, ಊರು ಬೇಡ.

ಅವರು ಶಸ್ತ್ರಚಿಕಿತ್ಸೆಯ ವೈದ್ಯರು. ತಂದೆಗೆ ಎರಡು ಎಕರೆ ಬೆದ್ದಲು ಭೂಮಿ ಬಿಟ್ಟರೆ ಬೇರೇನೂ ಇರಲಿಲ್ಲ. ಹುಡುಗ ನಮ್ಮ ಮಠದ ಪ್ರಸಾದ ನಿಲಯದಲ್ಲಿ ಇದ್ದು ಓದಿದ. ದೊಡ್ಡ ಪಟ್ಟಣದಲ್ಲಿ ನಿಲ್ಲದೆ ತಾಲೂಕಿಗೆ ಮರಳಿ ಬಂದು ಆಸ್ಪತ್ರೆ ತೆಗೆದರು. ಬಡವರ ಹತ್ತಿರ ಹಣ ಕೇಳಿದವರಲ್ಲ. 2014ರ ಜಾತ್ರೆಯಲ್ಲಿ ಅವರನ್ನು ಕಾಯಕಯೋಗಿ ಎಂದು ಸನ್ಮಾನಿಸಿದೆವು. ಸನ್ಮಾನಿಸುವಾಗ ನಾವು ಭಾವಾವೇಶದಿಂದ ಒಂದು ಸಂಗತಿ ಹೇಳಿದೆವು. ಅವರ ತಾಯಿ ಲಿಂಗೈಕ್ಯರಾದ ದಿನವೂ ಅವರು ಅಂದಿನ ಆಪರೇಷನ್ನುಗಳನ್ನೆಲ್ಲ ಮುಗಿಸಿ, ಆಮೇಲೆ ಕ್ರಿಯಾಸಮಾಧಿಗೆ ಬಂದರು, ಇಂಥವರು ನಮ್ಮ ಕಾಲದ ಶರಣರು ಎಂದೆವು. ಜನಸ್ತೋಮ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಅವರ ಧರ್ಮಪತ್ನಿ ಕಣ್ಣೊರೆಸಿಕೊಂಡರು. ಆನಂದಬಾಷ್ಪವೆಂದು ನಾವು ತಿಳಿದೆವು.

ಹದಿನೈದು ದಿನದ ಮೇಲೆ ಆ ತಾಯಿ ಒಬ್ಬರೇ ಮಠಕ್ಕೆ ಬಂದರು. ನಮಸ್ಕಾರ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಅವರು ಅಂದ ಮಾತು ಇದು: "ಅಜ್ಜಾರ, ನೀವು ಅವರನ್ನ ಹೊಗಳಿದ್ರಿ, ಚಲೋ ಆತು. ಆದ್ರ ಇನ್ನ ಮ್ಯಾಲೆ ನಾ ಅವರಿಗೆ ಮನಿಗೆ ಲಗೂ ಬರ್ರಿ ಅನ್ನಾಕ ಬಾಯಿ ಇಲ್ಲದಂಗ ಮಾಡಿದ್ರಿ."

ಯೋಚಿಸಿ ನೋಡಿ. ಅಷ್ಟು ವರ್ಷ ಆಕೆ ಗಂಡನಿಗೆ ಒಂದು ಮಾತು ಹೇಳುತ್ತ ಬಂದಿದ್ದರು. ಅವರು ಕೇಳುತ್ತಿದ್ದರೋ ಬಿಡುತ್ತಿದ್ದರೋ, ಹೇಳುವ ಅಧಿಕಾರವಾದರೂ ಆಕೆಗಿತ್ತು. ಗುರುಪೀಠದಿಂದ ನಾವು ಅದನ್ನು ಕಸಿದುಕೊಂಡೆವು.

ಉಳಿದುದನ್ನೂ ಆಕೆ ಹೇಳಿದರು. ಅತ್ತೆಯವರು ಅದೇ ಆಸ್ಪತ್ರೆಯ ಮೇಲಿನ ಮಹಡಿಯ ಕೋಣೆಯಲ್ಲಿ ಮಲಗಿದ್ದರು. ಮೂರು ದಿನ ಮಗನನ್ನು ಕೇಳಿದರು. ಮಗ ಬರಲಿಲ್ಲವೆಂದಲ್ಲ, ದಿನಕ್ಕೆರಡು ಬಾರಿ ಬಂದರು. ಕಾಗದ ನೋಡಿದರು, ನರ್ಸಿಗೆ ಹೇಳಿದರು, ಹೋದರು. ತಾಯಿ ಕೇಳಿದ್ದು ಔಷಧವನ್ನಲ್ಲ, ಮಂಚದ ಮೇಲೆ ಒಂದು ಗಳಿಗೆ ಕುಳಿತುಕೋ ಎಂದು. ಕೊನೆಯ ದಿನದ ಆಪರೇಷನ್ನುಗಳಲ್ಲಿ ಒಂದು ಮಾತ್ರ ತಡೆಯಲಾಗದ್ದು, ಉಳಿದವು ಮರುದಿನಕ್ಕೆ ಆಗಬಹುದಾಗಿದ್ದವು.

ವೈದ್ಯರನ್ನು ಕರೆಸಿದೆವು. ಗದರಿಸಬೇಕೆಂದು ಅಲ್ಲ, ನಮ್ಮ ತಪ್ಪು ಒಪ್ಪಿಕೊಳ್ಳಬೇಕೆಂದು. ಅವರು ಬಹಳ ಹೊತ್ತು ತಲೆತಗ್ಗಿಸಿ ಕುಳಿತು ಹೇಳಿದರು: "ಅಜ್ಜಾರ, ಅವ್ವಗ ಕೊಡೋ ಔಷಧ ಮುಗಿದಿತ್ತು. ಬರೇ ಕೈಲೆ ಆಕಿ ಬಾಜೂಕ ಹೆಂಗ ಕುಂದ್ರಬೇಕು ಅನ್ನೋದು ನನಗ ತಿಳೀಲಿಲ್ಲ. ಥಿಯೇಟರಿನ್ಯಾಗ ಏನ ಮಾಡಬೇಕು ಅನ್ನೋದು ಗೊತ್ತಿತ್ತು. ಅಲ್ಲಿಗೆ ಹೋದೆ."

ಅಂದರೆ ನಾವು ಯಾವುದನ್ನು ಕಾಯಕವೆಂದು ಕೊಂಡಾಡಿದ್ದೆವೋ ಅದು ಆ ದಿನದ ಮಟ್ಟಿಗೆ ಅಡಗಿಕೊಳ್ಳುವ ತಾಣವಾಗಿತ್ತು. ಇದು ನಮಗೂ ತಾಗಿತು. ನಮ್ಮ ಪೂರ್ವಾಶ್ರಮದ ತಾಯಿ ಕೊನೆಯ ವರ್ಷಗಳಲ್ಲಿ ಎರಡು ಸಲ ಮಠಕ್ಕೆ ಬಂದಿದ್ದರು. ಭಕ್ತರ ಸಾಲಿನಲ್ಲಿ ನಿಂತು, ಭಸ್ಮ ತೆಗೆದುಕೊಂಡು ಹೋದರು. ಮಠದ ಕೆಲಸ ಬಹಳವಿತ್ತು ಎಂದು ನಾವೂ ಹೇಳಬಲ್ಲೆವು.

ಶರಣರ ಕಾಯಕಕ್ಕೆ ಅಳತೆಯಿತ್ತು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲೂಕಿನ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ನಿತ್ಯಕ್ಕೆ ಬೇಕಾದಷ್ಟು ಸಾಕು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಹಿಂದಿರುಗಿಸಿದಳು. ಇಷ್ಟನ್ನು ನಾವೆಲ್ಲ ಹೇಳುತ್ತೇವೆ, ದುರಾಸೆ ಕೂಡದು ಎಂಬುದಕ್ಕೆ ದೃಷ್ಟಾಂತವಾಗಿ.

ಆದರೆ ಅದೇ ಲಕ್ಕಮ್ಮನ ಇನ್ನೊಂದು ಪ್ರಸಂಗವನ್ನು ಜೊತೆಗಿಟ್ಟು ನೋಡಬೇಕು. ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತಿತು, ಏಳಿ ಎಂದು ಎಚ್ಚರಿಸಿದವಳೂ ಅವಳೇ. ಕಡಿಮೆಯಾದಾಗ ಹೋಗಿ ಎಂದಳು, ಹೆಚ್ಚಾದಾಗ ತಿರುಗಿ ಕೊಟ್ಟು ಬನ್ನಿ ಎಂದಳು. ಮಾರಯ್ಯನ ಕಾಯಕದ ಅಳತೆ ಮಾರಯ್ಯನ ಕೈಯಲ್ಲಿರಲಿಲ್ಲ. ಅದು ಲಕ್ಕಮ್ಮನ ಮೊರದಲ್ಲಿತ್ತು. ನಮ್ಮ ವೈದ್ಯರ ಮನೆಯಲ್ಲಿಯೂ ಒಬ್ಬ ಲಕ್ಕಮ್ಮ ಇದ್ದರು. ನಾವೇ ಅವರ ಕೈಯಿಂದ ಮೊರ ಕಿತ್ತುಕೊಂಡಿದ್ದೆವು.

ಇಲ್ಲಿ ಕುಳಿತ ತಾಯಂದಿರಲ್ಲಿಯೂ ಅನೇಕರು ವೈದ್ಯರು, ಪ್ರಾಧ್ಯಾಪಕರು ಇದ್ದೀರಿ. ಆದ್ದರಿಂದ ಗಂಡ ದುಡಿಯುವವನು, ಹೆಂಡತಿ ಅಳೆಯುವವಳು ಎಂದಷ್ಟೇ ಹೇಳಿದರೆ ಸಾಲದು. ಇಬ್ಬರೂ ದುಡಿದು, ಅಳೆಯುವವರು ಯಾರೂ ಇಲ್ಲದ ಮನೆಗಳನ್ನೂ ನಾವು ನೋಡಿದ್ದೇವೆ. ಅಂಥ ಮನೆಯ ಹುಡುಗನೊಬ್ಬನನ್ನು ಪಾದಪೂಜೆಯ ದಿನ, ಮನೆಯಲ್ಲಿ ಎಷ್ಟು ಜನ ತಮ್ಮಾ ಎಂದು ಕೇಳಿದೆವು. "ಯಾವಾಗ, ಅಜ್ಜಾರ?" ಎಂದ!

ಸಂಸ್ಕೃತ ಪಾಠಶಾಲೆಯಲ್ಲಿ ನಮಗೆ ಮೊದಲು ಕಲಿಸಿದ್ದು ಶಬ್ದರೂಪಗಳನ್ನು. ರಾಮಃ, ರಾಮೌ, ರಾಮಾಃ. ಕನ್ನಡದಲ್ಲಿ ಇರುವುದು ಏಕವಚನ, ಬಹುವಚನ ಎರಡೇ. ಸಂಸ್ಕೃತದಲ್ಲಿ ನಡುವೆ ದ್ವಿವಚನವೆಂಬುದೊಂದಿದೆ. ಈ ಇಬ್ಬರಿಗಾಗಿ ಬೇರೆ ರೂಪವೇಕೆ ಎಂದು ಬಾಲ್ಯದಲ್ಲಿ ಬೇಸರವಾಗುತ್ತಿತ್ತು, ಕಂಠಪಾಠ ಹೆಚ್ಚಾಗುತ್ತಿತ್ತಲ್ಲ! ಗಂಡಹೆಂಡಿರು ಎಂಬ ಅರ್ಥದಲ್ಲಿ 'ದಂಪತೀ' ಎಂಬ ಶಬ್ದ ದ್ವಿವಚನದಲ್ಲಿಯೇ ನಡೆಯುತ್ತದೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಆ ಶಬ್ದ ಹೊಂದುವುದಿಲ್ಲ. ಇಂದು ವಿದ್ಯಾವಂತರ ಮನೆಗಳಲ್ಲಿ ಏಕವಚನವಿದೆ, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ. ಬಹುವಚನವೂ ಇದೆ, ಮದುವೆಯ ಮಂಟಪದಲ್ಲಿ ಸಾವಿರ ಜನ. ಲೋಪವಾಗಿರುವುದು ದ್ವಿವಚನ.

ಮನೆಯ ಮಾತಾಯಿತು, ಸಮಾಜದ್ದೂ ಇದೇ ಸ್ಥಿತಿ. 2019ರಲ್ಲಿ ಬೆಂಗಳೂರಿನಲ್ಲಿ ನಮ್ಮ ಭಕ್ತರಾದ ಒಬ್ಬ ಇಂಜಿನಿಯರರ ತಂದೆ ರಾತ್ರಿ ಲಿಂಗೈಕ್ಯರಾದರು. ಹದಿನಾಲ್ಕು ಅಂತಸ್ತಿನ ಕಟ್ಟಡ. ನಮ್ಮ ಪದ್ಧತಿಯಲ್ಲಿ ದೇಹ ಬಿಗಿಯುವ ಮೊದಲೇ ಕುಳ್ಳಿರಿಸಬೇಕು, ಎಡಗೈಯಲ್ಲಿ ಇಷ್ಟಲಿಂಗವಿರಬೇಕು, ವಿಭೂತಿ ಧರಿಸಬೇಕು. ಹಳ್ಳಿಯ ಓಣಿಯಲ್ಲಾದರೆ ಹೇಳಬೇಕಾದ್ದೇ ಇಲ್ಲ, ಹತ್ತು ಜನ ಬರುತ್ತಾರೆ. ಇಲ್ಲಿ ಮಗನಿಗೆ ತಿಳಿಯದು. ಸಮಾಜದವರ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ. ಬೆಳಗಾಗುವುದರೊಳಗೆ ನೂರಾರು ಕೈಮುಗಿದ ಚಿತ್ರಗಳು ಬಂದವು, ಕೈಗಳು ಮಾತ್ರ ಬರಲಿಲ್ಲ. ಕೊನೆಗೆ ಮೇಲೆ ಬಂದವನು ಗೇಟಿನ ಕಾವಲುಗಾರ, ಯಾದಗಿರಿ ಕಡೆಯವನು. "ಸಾಹೇಬರ, ಯಜಮಾನರನ್ನ ಹಿಂಗ ಮಲಗಿಸಬ್ಯಾಡ್ರಿ" ಎಂದು, ತಾನೇ ಗೋಡೆಗೆ ಒರಗಿಸಿ, ಕಾಲು ಮಡಚಿ, ಪದ್ಮಾಸನ ಹಾಕಿ ಕುಳ್ಳಿರಿಸಿದ. ಮಗ ಅವನ ಹೆಸರು ಕೇಳಿದ್ದು ಅಂದೇ ಮೊದಲು. ಐದು ವರ್ಷ ಅದೇ ಗೇಟಿನಲ್ಲಿ ಅವನ ಸಲಾಮು ತೆಗೆದುಕೊಂಡಿದ್ದ.

ಆ ಇಂಜಿನಿಯರು ಕೆಟ್ಟವನಲ್ಲ. ಪ್ರಸಾದ ನಿಲಯಕ್ಕೆ ಎರಡು ಕೋಣೆ ಕಟ್ಟಿಸಿಕೊಟ್ಟವನು. ಕೋಣೆಗಳು ಬೇಕು, ಬೇಡವೆನ್ನುವುದಿಲ್ಲ. ಈಗಲೂ ಹಳೆಯ ಕಟ್ಟಡದ ಮಾಳಿಗೆ ಸೋರುತ್ತಿದೆ, ಟ್ರಸ್ಟಿನವರು ಇಲ್ಲಿಯೇ ಇದ್ದಾರೆ. ಆದರೆ ಈ ಪ್ರಾಂತದ ವಿದ್ಯೆ ಬರಿಯ ಹಣದಿಂದ ಬೆಳೆದದ್ದಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿ ಧನಿಕರಲ್ಲ, ಶಿಕ್ಷಕರು. ಸಪ್ತರ್ಷಿಗಳೆಂದು ಜನ ಅವರನ್ನು ಕರೆದರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಬಡಮಕ್ಕಳಿಗಾಗಿ ಪ್ರಸಾದ ನಿಲಯ ನಡೆಸಿದ್ದು ಭಕ್ತರು ಕೊಟ್ಟ ಕಾಳುಕಡಿಯ ಮೇಲೆ. ಹಾಗೆ ಬಂದ ಜೋಳದ ಹಿಂದೆ ಕೊಟ್ಟವರ ಮುಖವಿತ್ತು, ಉಣ್ಣುವ ಹುಡುಗನಿಗೆ ಆ ಮುಖ ಗೊತ್ತಿತ್ತು. ಚೆಕ್ಕಿನಲ್ಲಿ ಹೆಸರಿರುತ್ತದೆ, ಮುಖವಿರುವುದಿಲ್ಲ. ಇಲ್ಲಿರುವ ವೈದ್ಯರಲ್ಲಿ ಯಾರಾದರೂ ತಿಂಗಳಿಗೊಂದು ಸಂಜೆ ನಿಲಯದ ಹುಡುಗರ ಪಂಕ್ತಿಯಲ್ಲಿ ಕುಳಿತು ಉಂಡರೆ, ಅವರು ಮಾತನಾಡುವುದೂ ಬೇಡ, ಭಾಷಣ ಸರ್ವಥಾ ಬೇಡ, ಸುಮ್ಮನೆ ಉಂಡು ಹೋದರೂ ಸಾಕು.

ಆ ಶಸ್ತ್ರವೈದ್ಯರು ಈಗ ಹಾಗೆ ಬರುತ್ತಾರೆ. ಗುರುವಾರ ಮಧ್ಯಾಹ್ನದ ಮೇಲೆ ತುರ್ತಿನದನ್ನು ಬಿಟ್ಟು ಬೇರೆ ಶಸ್ತ್ರಚಿಕಿತ್ಸೆ ಇಟ್ಟುಕೊಳ್ಳುವುದಿಲ್ಲ. ಇದರಿಂದ ತಾಯಿ ಮರಳಿ ಬರಲಿಲ್ಲ. ಆ ಮಾತನ್ನು ಅವರೇ ನಮಗೆ ಹೇಳಿದರು, ನಾವು ಸಮಾಧಾನ ಹೇಳಲು ಹೋಗಲಿಲ್ಲ. ಅವರ ಪತ್ನಿಯನ್ನು ಮಾತ್ರ ಮುಂದಿನ ಜಾತ್ರೆಯಲ್ಲಿ ವೇದಿಕೆಗೆ ಕರೆದು ನಮ್ಮ ತಪ್ಪನ್ನು ಸಭೆಯಲ್ಲಿಯೇ ಹೇಳುತ್ತೇವೆಂದೆವು. ಆಕೆ ಒಪ್ಪಲಿಲ್ಲ. "ವೇದಿಕೆ ಬ್ಯಾಡ್ರಿ ಅಜ್ಜಾರ, ಮೊದಲಾದದ್ದೂ ಅಲ್ಲೇ ಅಲ್ಲೇನ್ರಿ" ಎಂದರು. ನಮಗೆ ಉತ್ತರವಿರಲಿಲ್ಲ.

ಅಂದಿನಿಂದ ಮಠದಲ್ಲಿ ಒಂದು ರೂಢಿ ಮಾಡಿದ್ದೇವೆ. ಯಾರಿಗೇ ಸನ್ಮಾನವಿರಲಿ, ಪತ್ರಿಕೆಯಲ್ಲಿ ಹೆಸರು ಅಚ್ಚಾಗುವ ಮೊದಲು ಅವರ ಮನೆಗೆ ಹೋಗಿ ಮನೆಯವರನ್ನು ಕೇಳಿ ಬರುತ್ತಾರೆ. ಕಳೆದ ಸಲ ಇಬ್ಬರ ಹೆಸರು ಬಿಟ್ಟುಹೋಯಿತು. ಯಾರೆಂದು ಕೇಳಬೇಡಿ.

ಪ್ರಸಾದ ಸಿದ್ಧವಾಗಿದೆ ಎಂದು ಸನ್ನೆ ಮಾಡುತ್ತಿದ್ದಾರೆ. ಎಂದಿನಂತೆ ಗಂಡಸರ ಪಂಕ್ತಿ, ಹೆಂಗಸರ ಪಂಕ್ತಿ ಎಂದು ಇಂದು ಬೇಡ. ಯಾರು ಯಾರ ಜೊತೆ ಬಂದಿದ್ದೀರೋ ಅವರ ಪಕ್ಕದಲ್ಲಿಯೇ ಕುಳಿತುಕೊಳ್ಳಿ. ಒಬ್ಬರೇ ಬಂದವರು ನಮ್ಮ ಹತ್ತಿರ ಬನ್ನಿ.