ಗೇರುಸೊಪ್ಪೆಯ ರಾಣಿಯೂ ನಮ್ಮ ನಾಟಕಗಳೂ



ಗತಕಾಲವನ್ನು ರಂಗಕ್ಕೆ ತರುವಾಗ ಅದಕ್ಕೆ ಬಣ್ಣ ಕಟ್ಟುವುದು ಎಲ್ಲ ದೇಶಗಳಲ್ಲಿಯೂ ಉಂಟು. ಸ್ಕಾಟ್ಲೆಂಡಿನ ಬೆಟ್ಟನಾಡಿನವರು ದಂಗೆಯೆದ್ದು ಸೋತ ಮೇಲೆ, 1746ರ ಕಾಯಿದೆಯು ಅವರ ಉಡುಪನ್ನೇ ನಿಷೇಧಿಸಿತು. 1782ರಲ್ಲಿ ಆ ನಿಷೇಧವು ರದ್ದಾಯಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯು ಎಡಿನ್‌ಬರೋ ನಗರಕ್ಕೆ ಬಂದಾಗ, ಕಾದಂಬರಿಕಾರನಾದ ವಾಲ್ಟರ್ ಸ್ಕಾಟನ ಏರ್ಪಾಟಿನ ಉತ್ಸವದಲ್ಲಿ, ಸ್ವತಃ ದೊರೆಯೇ ಅದನ್ನು ಧರಿಸಿ ಕಾಣಿಸಿಕೊಂಡನು. ಒಂದು ಕಾಲಕ್ಕೆ ಭಯ ಹುಟ್ಟಿಸಿದ್ದು, ಶಕ್ತಿಗುಂದಿದ ಬಳಿಕ ಅಲಂಕಾರವಾಯಿತು.

ನಮ್ಮ ಹೊನ್ನಾವರದ ಸೀಮೆಯಲ್ಲಿಯೂ ಇಂಥದೇ ಒಂದು ಕಥೆಯುಂಟು. ಶರಾವತಿಯ ದಡದ ಗೇರುಸೊಪ್ಪೆಯಿಂದ 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಆ ರಾಜ್ಯವು ಕೆಳದಿಯ ವೆಂಕಟಪ್ಪನಾಯಕನ ವಶವಾದ ಮೇಲೆ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆ ಮಾರ್ಗವಾಗಿ ಇಕ್ಕೇರಿಗೆ ಹೋದನು. ಅವನಿಗೆ ಅಲ್ಲಿ ಕಂಡದ್ದು ಮನೆಗಳ ಅವಶೇಷಗಳ ಮೇಲೆ ಬೆಳೆದ ಕಾಡು, ರೈತರ ಕೆಲವು ಗುಡಿಸಲು. ಕೇಳಿದ್ದು ಮಾತ್ರ ಪ್ರೇಮಕಥೆ! ಕಡೆಯ ರಾಣಿಯು ಪರಸ್ಥಳದ ಸಾಮಾನ್ಯನೊಬ್ಬನಿಗೆ ಮನಸೋತಳಂತೆ; ಅವನು ದ್ರೋಹವೆಸಗಿ ವೆಂಕಟಪ್ಪನಾಯಕನನ್ನು ಕರೆತಂದನಂತೆ; ರಾಣಿಯು ಸೆರೆಯಲ್ಲಿಯೇ ತೀರಿಕೊಂಡಳಂತೆ. ನಗರವು ಹಾಳಾಗಿ ಬಹುಕಾಲ ಕಳೆಯುವ ಮುನ್ನವೇ ನಾಟಕದ ವಸ್ತು ಸಿದ್ಧವಾಗಿತ್ತು.

ಈ ಸೀಮೆಯು ಯಕ್ಷಗಾನದ ತವರು. ಇಡಗುಂಜಿ ಮೇಳವನ್ನು ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದುದು ಇಲ್ಲಿಯೇ. ಆದರೆ ಯಕ್ಷಗಾನದ ಕಿರೀಟವು ಯಾರನ್ನೂ ವಂಚಿಸದು. ಅದು ಪುರಾಣವೆಂಬುದು ಪ್ರೇಕ್ಷಕನಿಗೆ ಗೊತ್ತು. ಚಾರಿತ್ರಿಕ ನಾಟಕವಾದರೋ ನಿಜವಾದ ಹೆಸರನ್ನೂ ಊರನ್ನೂ ಹೇಳಿ, ಕಲ್ಪನೆಯನ್ನು ಚರಿತ್ರೆಯೆಂದು ನಂಬಿಸಿಬಿಡುತ್ತದೆ.

ಪ್ರಣಯವೂ ಖಡ್ಗವೂ ರಂಗವನ್ನು ತುಂಬಿಕೊಂಡರೆ, ರಾಣಿಗೆ ಆ ಬಿರುದನ್ನು ತಂದ ಮೆಣಸಿಗೆ ಎಡೆಯೆಲ್ಲಿ? ಮರಕ್ಕೆ ಬಳ್ಳಿ ಹಬ್ಬಿಸಿದ ಒಕ್ಕಲು, ಕಾಳು ಕೊಯ್ದು ಬಿಸಿಲಿಗೆ ಹರಡಿದ ಹೆಂಗಸರು, ಹೊಳೆಯಲ್ಲಿ ಸರಕು ಸಾಗಿಸಿದ ಅಂಬಿಗರು, ಇವರ ದುಡಿಮೆಯೇ ಆ ಸಿಂಹಾಸನಕ್ಕೆ ಆಧಾರ. 1569ರಲ್ಲಿ ಪೋರ್ಚುಗೀಸರು ಹೊನ್ನಾವರದ ಕೋಟೆಯನ್ನು ಹಿಡಿದುದೂ ಈ ಕರಾವಳಿಯ ವ್ಯಾಪಾರಕ್ಕಾಗಿಯೇ. ಅಂಥ ಬಲಿಷ್ಠರ ನೆರೆಯಲ್ಲಿ ರಾಜ್ಯವನ್ನು ಉಳಿಸಿಕೊಂಡ ಆಡಳಿತಚಾತುರ್ಯವು ಯಾವ ಪ್ರೇಮಕಥೆಗಿಂತಲೂ ಕಡಿಮೆಯ ವಸ್ತುವೆ?

ನಾಟಕಕಾರರು ಕಲ್ಪನೆಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಬರೆಯುವ ಮುನ್ನ ಗೇರುಸೊಪ್ಪೆಯ ಚತುರ್ಮುಖ ಬಸದಿಯವರೆಗೆ ಒಮ್ಮೆ ಹೋಗಿಬರಲಿ. ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಆ ಕಲ್ಲಿನ ಮಂದಿರವು ಕಾಡಿನ ನಡುವೆ ಇನ್ನೂ ನಿಂತಿದೆ.